ಕಷ್ಟಕಾಲದ ನಂಬುಗೆ

ಮಳೆ ಸುರಿದು ಕೆರೆ ಕೋಡಿ ಬಿದ್ದ ವರ್ಷದಲ್ಲಿ ದೇವರನ್ನು ಕೊಂಡಾಡುವುದು ಯಾರಿಗೂ ಕಠಿನವಾದ ಕಾರ್ಯವಲ್ಲ. ಕಣದಲ್ಲಿ ರಾಶಿ ನಡೆದು, ಹಗೇವು ತುಂಬಿ, ಮಕ್ಕಳು ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮನೆಯ ಮುಂದೆ ಮದುವೆಯ ಹಂದರವೆದ್ದಾಗ ಪ್ರತಿಯೊಬ್ಬನೂ ಭಕ್ತನೇ. ಆದರೆ ಬಿತ್ತಿದ ಬೀಜ ಮಣ್ಣಿನಲ್ಲಿಯೇ ಸುಟ್ಟುಹೋಗಿ, ಎತ್ತುಗಳನ್ನು ಸಂತೆಗೆ ಹೊಡೆದು, ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಂತಾಗ ಭಕ್ತಿಯ ನಿಜವಾದ ತೂಕವು ಗೊತ್ತಾಗುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟು ಕರ್ನಾಟಕದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಅಂಥ ವರ್ಷಗಳಲ್ಲಿ ಹಳ್ಳಿಯ ಕಟ್ಟೆಯ ಮೇಲೆ ಕೇಳಿಬರುವ ಮಾತು ಒಂದೇ: "ದೇವರು ನಮ್ಮ ಕೈ ಬಿಟ್ಟ." ಅದನ್ನು ಆಡುವವನು ನಾಸ್ತಿಕನಲ್ಲ, ನಿತ್ಯವೂ ಲಿಂಗಪೂಜೆ ಮಾಡುವವನೇ. ಆತನನ್ನು ಹೀಯಾಳಿಸುವುದು ಸುಲಭ. ಆತನ ಮಾತಿಗೆ ಉತ್ತರ ಕೊಡುವುದು ಧರ್ಮವನ್ನು ಬಲ್ಲೆವೆನ್ನುವವರ ಹೊಣೆ.

ಇಂಥ ಸಮಯದಲ್ಲಿ ಲೋಕದಲ್ಲಿ ಎರಡು ಬಗೆಯ ಉತ್ತರಗಳು ಚಲಾವಣೆಯಲ್ಲಿವೆ. ಒಂದನೆಯದು ಹರಕೆಯ ಉತ್ತರ. "ಇಷ್ಟು ಕೊಟ್ಟರೆ ಇಷ್ಟು ಮಾಡಿಸುತ್ತೇನೆ" ಎಂದು ದೇವರೊಡನೆ ಕರಾರು ಮಾಡಿಕೊಳ್ಳುವುದು ಇದರ ರೀತಿ. ಕಾರ್ಯ ಕೈಗೂಡಿದರೆ ದೇವರು ಸತ್ಯವಂತ, ಕೈಗೂಡದಿದ್ದರೆ ದೇವರು ಸುಳ್ಳ! ಇದು ವ್ಯಾಪಾರವಲ್ಲದೆ ನಂಬುಗೆಯಲ್ಲ. ಅಂಗಡಿಯವನಲ್ಲಿಯೂ ಗಿರಾಕಿಗೆ ಇಷ್ಟು ವಿಶ್ವಾಸವಿದ್ದೇ ಇರುತ್ತದೆ. ಎರಡನೆಯದು ಹಣೆಬರಹದ ಉತ್ತರ. "ಬರೆದದ್ದು ತಪ್ಪದು, ಸುಮ್ಮನೆ ಕುಳಿತಿರು" ಎನ್ನುವುದು ಇದರ ಸಾರ. ಇದು ನೋಡುವುದಕ್ಕೆ ಭಕ್ತಿಯಂತೆ ತೋರಿದರೂ ವಾಸ್ತವದಲ್ಲಿ ಆಲಸ್ಯಕ್ಕೆ ಉಡಿಸಿದ ಕಾವಿಬಟ್ಟೆ. ಮೊದಲನೆಯವನು ದೇವರನ್ನು ಸಾಲಗಾರನನ್ನಾಗಿ ಮಾಡುತ್ತಾನೆ. ಎರಡನೆಯವನು ದೇವರನ್ನು ತನ್ನ ಮೈಗಳ್ಳತನಕ್ಕೆ ಜಾಮೀನು ನಿಲ್ಲಿಸುತ್ತಾನೆ. ಶರಣಧರ್ಮವು ಈ ಎರಡನ್ನೂ ಒಪ್ಪಲಿಲ್ಲ.

ಹಾಗಾದರೆ ಶರಣರು ಒಪ್ಪಿದ ನಂಬುಗೆಯಾವುದು? ಷಟ್‌ಸ್ಥಲದ ಕ್ರಮವನ್ನು ಗಮನಿಸಿದರೆ ಇದಕ್ಕೆ ಸಮಾಧಾನ ದೊರೆಯುತ್ತದೆ. ಭಕ್ತಸ್ಥಲಕ್ಕೆ ಶ್ರದ್ಧಾಭಕ್ತಿ, ಮಹೇಶಸ್ಥಲಕ್ಕೆ ನಿಷ್ಠಾಭಕ್ತಿ, ಪ್ರಸಾದಿಸ್ಥಲಕ್ಕೆ ಅವಧಾನಭಕ್ತಿ ಎಂದು ಹಿರಿಯರು ಹೇಳಿದ್ದಾರೆ. 'ಶ್ರತ್' ಎಂದರೆ ಸತ್ಯ. ಸತ್ಯದಲ್ಲಿ ಮನಸ್ಸನ್ನು ಇಡುವುದೇ ಶ್ರದ್ಧೆ. ಇದು ಆರಂಭ ಮಾತ್ರ. ಇಟ್ಟ ಮನಸ್ಸು ಗಾಳಿಗೆ ಅಲುಗದೆ ನೆಲೆಯಾಗಿ ನಿಲ್ಲುವುದು ನಿಷ್ಠೆ. ಆ ಶಬ್ದದ ಒಡಲಿನಲ್ಲಿಯೇ 'ನಿಲ್ಲುವುದು' ಎಂಬ ಅರ್ಥವಿದೆ. ಶ್ರದ್ಧೆಯಿಂದ ನಿಷ್ಠೆಗೆ ಹೋಗುವ ದಾರಿ ಸುಖದ ಸೀಮೆಯಲ್ಲಿ ಹಾದುಹೋಗುವುದಿಲ್ಲ. ಗಾಳಿಯೇ ಬೀಸದಿದ್ದರೆ ಕಂಬ ಗಟ್ಟಿಯಾಗಿದೆಯೆಂದು ತಿಳಿಯುವ ಬಗೆ ಹೇಗೆ? ಮೂರನೆಯ ಮೆಟ್ಟಿಲಿನಲ್ಲಿ ಬಂದದ್ದೆಲ್ಲವನ್ನೂ ಪ್ರಸಾದವೆಂದು ಎಚ್ಚರದಿಂದ ಸ್ವೀಕರಿಸುವ ಅವಧಾನವಿದೆ. 'ಪ್ರಸಾದ'ವೆಂದರೆ ತಿಳಿಯಾಗುವುದು, ಪ್ರಸನ್ನವಾಗುವುದು. ಕಲಕಿದ ನೀರು ನಿಂತು ತಿಳಿಯಾಗುವಂತೆ ಕಷ್ಟವನ್ನು ಕಂಡ ಮನಸ್ಸು ನಿಂತರೆ ತಿಳಿಯಾಗುತ್ತದೆ. ಓಡಿದರೆ ರಾಡಿಯಾಗುತ್ತದೆ.

ಈ ತತ್ತ್ವವು ಒಣಮಾತಾಗದಂತೆ ಬಾಳಿ ತೋರಿಸಿದವರಲ್ಲಿ ಆಯ್ದಕ್ಕಿ ಲಕ್ಕಮ್ಮನ ಹೆಸರು ಮೊದಲಿಗೆ ಬರುತ್ತದೆ. ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ಬಡ ದಂಪತಿಗಳು ಮಾರಯ್ಯ ಮತ್ತು ಲಕ್ಕಮ್ಮ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದಲೇ ಆ ಮನೆಯ ದಾಸೋಹ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಮನೆಯಲ್ಲಿ ನಾಳೆಗೆ ಏನೂ ಇಲ್ಲದವಳು ಹಿಗ್ಗಬೇಕಾಗಿತ್ತು. ಲಕ್ಕಮ್ಮನು ಹಿಗ್ಗಲಿಲ್ಲ, ಹೆಚ್ಚಿನದನ್ನು ತಂದ ಎಡೆಯಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿದಳು. ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಪ್ರಸಂಗಕ್ಕೆ ಗೌರವದ ಸ್ಥಾನವಿದೆ.

ಈ ಕಥೆಯನ್ನು ನಿರಾಶೆಯ ದೃಷ್ಟಾಂತವಾಗಿ, ಆಸೆ ಕೂಡದೆಂಬ ನೀತಿಯಾಗಿ ಹೇಳುವುದು ವಾಡಿಕೆ. ಅದು ಸರಿಯೇ, ಆದರೆ ಅಷ್ಟಕ್ಕೆ ನಿಲ್ಲಿಸಿದರೆ ಲಕ್ಕಮ್ಮನ ಎತ್ತರವು ಕಾಣುವುದಿಲ್ಲ. ಬಡವನಿಗೆ ನಾಳಿನ ಭಯವೇ ದೊಡ್ಡ ಭಯ. ಮುಷ್ಟಿ ಅಕ್ಕಿಯನ್ನು ಹೆಚ್ಚಾಗಿ ಕೂಡಿಡುವ ಕೈಯಲ್ಲಿ ಲೋಭಕ್ಕಿಂತ ಭಯವೇ ಹೆಚ್ಚು: ನಾಳೆ ದೇವರು ಇರುತ್ತಾನೋ ಇಲ್ಲವೋ ಎಂಬ ಭಯ. ಆ ಭಯವನ್ನೇ ಲಕ್ಕಮ್ಮನು ಮನೆಯೊಳಗೆ ಬರಗೊಡಲಿಲ್ಲ. ಹಾಗೆಂದು ಆಕೆ ಪತಿಗೆ "ನಾಳೆ ಹೋಗಬೇಡ, ಶಿವನೇ ಕೊಡುತ್ತಾನೆ" ಎಂದು ಹೇಳಲಿಲ್ಲ ಎಂಬುದನ್ನೂ ಮರೆಯಲಾಗದು. ನಾಳೆಯೂ ಕಾಯಕವಿದೆ, ಕಾಯಕಕ್ಕೆ ಒಡೆಯನೂ ಇದ್ದಾನೆ. ಆದುದರಿಂದ ಇಂದಿಗೆ ಇಷ್ಟು ಸಾಕು. ಇದು ಆಕೆಯ ಲೆಕ್ಕ. ಹೀಗೆ ಇದ್ದುದರಲ್ಲಿಯೇ ನಿಂತ ಆ ಮನೆಯಲ್ಲಿ ಮುಂದೆ ಅಸಂಖ್ಯಾತ ಜಂಗಮರಿಗೆ ದಾಸೋಹ ನಡೆಯಿತೆಂದು ಪರಂಪರೆಯು ಹೇಳುತ್ತದೆ. ಕೂಡಿಡದವಳು ಕೊಡುವವಳಾದಳು.

ಇಲ್ಲಿ ವಿಚಾರವಂತನಾದ ವಿದ್ಯಾರ್ಥಿಯೊಬ್ಬನು ಪ್ರಶ್ನಿಸಬಹುದು: "ದೇವರು ನಂಬಿದವರ ಕೈ ಬಿಡುವುದಿಲ್ಲವಾದರೆ ಕಲ್ಯಾಣದ ಶರಣರಿಗೆ ಆ ಗತಿಯೇಕೆ ಬಂದಿತು?" ಪ್ರಶ್ನೆ ನ್ಯಾಯವಾದುದು, ಇದನ್ನು ಗದರಿ ಬಾಯಿ ಮುಚ್ಚಿಸಬಾರದು. 12ನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಯಾಣವು ಕದಡಿತು. ಹರಳಯ್ಯ, ಮಧುವಯ್ಯರು ಘೋರವಾದ ಮರಣವನ್ನು ಕಂಡರೆಂದು ಪುರಾಣಗಳು ಸಾರುತ್ತವೆ. ಶರಣರು ದಿಕ್ಕುದಿಕ್ಕಿಗೆ ಚೆದರಿದರು. ಚನ್ನಬಸವಣ್ಣನವರೊಡನೆ ಒಂದು ಸಮೂಹವು ಸಹ್ಯಾದ್ರಿಯ ಕಾಡಿನೊಳಗಣ ಉಳವಿಯವರೆಗೆ ನಡೆಯಿತು. ಅವರಾರೂ ನಂಬುಗೆಯಲ್ಲಿ ಕೊರತೆಯುಳ್ಳವರಲ್ಲ. ಆದರೂ ಕಷ್ಟವು ಅವರನ್ನು ಬಿಡಲಿಲ್ಲ. ಆದುದರಿಂದ, ನಂಬಿದವನಿಗೆ ಆಪತ್ತು ಬರುವುದಿಲ್ಲವೆಂದು ಮಕ್ಕಳಿಗೆ ಬೋಧಿಸುವುದು ಸುಳ್ಳನ್ನು ಬೋಧಿಸಿದಂತೆ. ಮೊದಲ ಆಪತ್ತಿನಲ್ಲಿಯೇ ಆ ಬೋಧೆ ಮುರಿಯುತ್ತದೆ. ಅದರೊಡನೆ ಮಗುವಿನ ಭಕ್ತಿಯೂ ಮುರಿಯುತ್ತದೆ. ದೇವರು ಸುಖದ ವಾಗ್ದಾನ ಮಾಡಿದ್ದನ್ನು ಶರಣರು ಎಲ್ಲಿಯೂ ಹೇಳಿಲ್ಲ. ಸತ್ಯಕ್ಕಾಗಿ ಪಟ್ಟ ಪಾಡು ವ್ಯರ್ಥವಾಗದು ಎಂಬುದಷ್ಟೇ ಅವರ ಭರವಸೆ. ಹೋಗುವಾಗ ಅವರು ಹೊತ್ತದ್ದು ಹೊನ್ನಿನ ಗಂಟಲ್ಲ, ವಚನದ ಕಟ್ಟು. ಆಮೇಲೆ ಎಷ್ಟೋ ತಲೆಮಾರುಗಳವರೆಗೆ ಹೆಸರೇ ತಿಳಿಯದ ಲಿಪಿಕಾರರು ಮಠಗಳ ಮೂಲೆಯಲ್ಲಿ, ಮನೆಗಳ ಜಗಲಿಯಲ್ಲಿ ಕುಳಿತು ಓಲೆಯಿಂದ ಓಲೆಗೆ ಆ ವಚನಗಳನ್ನು ಇಳಿಸಿಕೊಂಡರು. ಯಾರು ಓದುವರೆಂದು ಅವರಿಗೆ ತಿಳಿದಿರಲಿಲ್ಲ. ಫಲವನ್ನು ಕಾಣದೆ ಕಂಠವನ್ನು ಹಿಡಿದು ಬರೆಯುವ ಆ ಕೈಯಲ್ಲಿದ್ದುದೇ ನಂಬುಗೆ.

ಆ ಓಲೆಗಳಿಗೆ 20ನೆಯ ಶತಮಾನದಲ್ಲಿ ಒಬ್ಬ ಒಡೆಯನು ದೊರೆತನು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಾಪುರದಲ್ಲಿ ವಕೀಲಿಯನ್ನು ಕೈಗೊಂಡ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಮನಸ್ಸು ಮಾಡಿದ್ದರೆ ಸುಖವಾಗಿ ಬಾಳಬಹುದಾಗಿತ್ತು. ಅವರು ಊರೂರು ಅಲೆದು ತಾಳೆಯೋಲೆಗಳನ್ನು ಅರಸಿದರು; ಗೆದ್ದಲು ತಿಂದ ಗರಿಗಳನ್ನು ಜೋಡಿಸಿ ಪ್ರತಿ ಮಾಡಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗವು 1923ರಲ್ಲಿ ಬೆಳಕು ಕಂಡಿತು. ಅಚ್ಚಿನ ತೊಂದರೆಯನ್ನು ನೀಗಲು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು; 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಹೊರಡಿಸಿದರು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಅವರನ್ನು ಗೌರವಿಸಿತು. ಆದರೆ ಗೌರವದಿಂದ ಮನೆಯ ಒಲೆ ಉರಿಯುವುದಿಲ್ಲ. ಗಳಿಕೆಯೆಲ್ಲವೂ ಅಚ್ಚಿನ ಮೊಳೆಗೂ ಕಾಗದಕ್ಕೂ ಸಂದಿತು. ಹರಿದ ಕೋಟು ತೊಟ್ಟು ಸೈಕಲ್ಲಿನ ಮೇಲೆ ವಿಜಾಪುರದ ಬೀದಿಗಳಲ್ಲಿ ಸಾಗುತ್ತಿದ್ದ ಆ ವೃದ್ಧರ ಚಿತ್ರವು ಆ ಸೀಮೆಯ ಹಿರಿಯರ ನೆನಪಿನಲ್ಲಿ ಬಹುಕಾಲ ಉಳಿದಿತ್ತು. ಸಾಲ, ದಾರಿದ್ರ್ಯ, ವೃದ್ಧಾಪ್ಯಗಳು ಒಟ್ಟಾಗಿ ಬಂದರೂ 1964ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಹಿಡಿದ ಕಾಯಕವನ್ನು ಬಿಡಲಿಲ್ಲ.

ದೇವರು ಹಳಕಟ್ಟಿಯವರಿಗೆ ಸಂಪತ್ತನ್ನು ಕೊಟ್ಟನೇ? ಇಲ್ಲ. ಆದರೆ ಇಂದು ಯಾವ ಶಾಲೆಯ ಯಾವ ಮಗು ವಚನವನ್ನು ಓದಿದರೂ ಅದರ ಹಿಂದೆ ಆ ಹರಿದ ಕೋಟಿನ ನೆರಳಿದೆ. ಕಲ್ಯಾಣದಲ್ಲಿ ಚೆದರಿದ್ದು ವಿಜಾಪುರದ ಒಂದು ಸಣ್ಣ ಅಚ್ಚುಕೂಟದಲ್ಲಿ ಮತ್ತೆ ಒಂದುಗೂಡಿತು. ದೇವರು ಮಾತಿಗೆ ತಪ್ಪಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯನ್ನು ಕೇಳುವ ಅಗತ್ಯವಿಲ್ಲ. ಆದರೆ ಆ ಮಾತು ನಡೆದದ್ದು ಮನುಷ್ಯರ ಕೈಯಿಂದ. ಬಿಡಬಹುದಾಗಿದ್ದಾಗ ಬಿಡದೆ ಹಿಡಿದ ಕೈಯಿಂದ.

ಈ ವಿಚಾರದಿಂದಲೇ ಇನ್ನೊಂದು ಮಾತು ಹುಟ್ಟುತ್ತದೆ. ಅದು ಸ್ವಲ್ಪ ಕಹಿಯಾದುದು. ಹೊಟ್ಟೆ ತುಂಬಿದವನು ಹಸಿದವನೆದುರು ನಿಂತು "ದೇವರನ್ನು ನಂಬು" ಎಂದು ಉಪದೇಶಿಸುವುದುಂಟು. ಇದಕ್ಕಿಂತ ಹಗುರವಾದ ಮಾತು ಮತ್ತೊಂದಿಲ್ಲ. ನಂಬುಗೆಯನ್ನು ಬೋಧಿಸುವ ಅಧಿಕಾರವು ಅನ್ನವಿಟ್ಟ ಕೈಗೆ ಮಾತ್ರ ಉಂಟು. ಆದುದರಿಂದಲೇ ಶರಣರು ಕಾಯಕದ ಬಗಲಿನಲ್ಲಿ ದಾಸೋಹವನ್ನು ನಿಲ್ಲಿಸಿದರು. ಕಷ್ಟದಲ್ಲಿರುವವನ ಪಾಲಿಗೆ ಕಾಯಕವು ನಂಬುಗೆ. ಕಷ್ಟವಿಲ್ಲದವನ ಪಾಲಿಗೆ ದಾಸೋಹವೇ ನಂಬುಗೆ.

ಸಿದ್ಧಗಂಗೆಯ ಇತಿಹಾಸವು ಇದಕ್ಕೆ ಎಲ್ಲರ ಕಣ್ಣೆದುರಿಗಿನ ನಿದರ್ಶನ. 1907ರಲ್ಲಿ ವೀರಾಪುರದಲ್ಲಿ ಜನಿಸಿ, 1930ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿದ ಶ್ರೀ ಶಿವಕುಮಾರ ಸ್ವಾಮಿಗಳವರು, ಗುರುಗಳಾದ ಶ್ರೀ ಉದ್ಧಾನ ಶಿವಯೋಗಿಗಳು 1941ರಲ್ಲಿ ಲಿಂಗೈಕ್ಯರಾದ ಮೇಲೆ ಮಠದ ಪೂರ್ಣ ಹೊಣೆಯನ್ನು ಹೊತ್ತರು. ಆಗ ಮಠವು ಶ್ರೀಮಂತವಾಗಿರಲಿಲ್ಲ. ಉಣ್ಣುವ ಮಕ್ಕಳ ಸಂಖ್ಯೆ ವರ್ಷವರ್ಷಕ್ಕೆ ಏರುತ್ತಿತ್ತು. ಪೂಜ್ಯರು "ಶಿವನು ಕೊಡುತ್ತಾನೆ" ಎಂದು ಗದ್ದುಗೆಯ ಮೇಲೆ ಕುಳಿತಿರಲಿಲ್ಲ. ಜೋಳಿಗೆ ಹಿಡಿದು ಹಳ್ಳಿಹಳ್ಳಿಗೆ ನಡೆದರು. ರೈತರು ತಮ್ಮ ಕಣದಿಂದ ರಾಗಿಯನ್ನು ಅಳೆದು ಕೊಟ್ಟರು. 2019ರ ಜನವರಿ 21ರಂದು ಶ್ರೀಗಳವರು ಲಿಂಗೈಕ್ಯರಾಗುವ ವೇಳೆಗೆ ಅಲ್ಲಿ ಜಾತಿಮತಗಳ ಭೇದವಿಲ್ಲದೆ ಸುಮಾರು ಹತ್ತು ಸಾವಿರ ಮಕ್ಕಳು ಉಂಡು ಓದುತ್ತಿದ್ದರು. ಶಿವನೇ ಕೊಟ್ಟನು ಎಂಬುದು ನಿಜ. ರಾಗಿಯನ್ನು ಅಳೆದ ಕೈ ರೈತನದು, ಜೋಳಿಗೆಯನ್ನು ಹಿಡಿದ ಕೈ ಗುರುವಿನದು, ಮುದ್ದೆ ಕಟ್ಟಿದ ಕೈ ಅಡುಗೆಯವನದು ಎಂಬುದೂ ಅಷ್ಟೇ ನಿಜ. ಈ ಎರಡು ನಿಜಗಳು ಒಂದೇ ಎಂದು ಕಾಣುವುದು ಶರಣರ ಕಣ್ಣು. ಆ ಕೈಗಳಲ್ಲಿ ಒಂದು ಹಿಂದೆಗೆದಿದ್ದರೂ ಯಾವುದೋ ಮಗುವು "ದೇವರು ಕೈ ಬಿಟ್ಟ" ಎನ್ನುತ್ತಿತ್ತು. ಹಾಗೆ ನೋಡಿದರೆ, ಬಡವನ ಬಾಯಿಂದ ಆ ಮಾತು ಹೊರಟಾಗ ನಾಚಬೇಕಾದವರು ನೆರೆಹೊರೆಯವರು.

ಮಠದ ಆಶ್ರಯದಲ್ಲಿ ಓದುವ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಮನನ ಮಾಡಬೇಕು. ಅವರಲ್ಲಿ ಅನೇಕರು ಮಳೆಯನ್ನೇ ನಂಬಿದ ಮನೆಗಳಿಂದ ಬಂದವರು. ರಜೆಗೆ ಊರಿಗೆ ಹೋದಾಗ ತಂದೆಯ ಮುಖ ಬಾಡಿರುವುದನ್ನು, ತಾಯಿಯ ಕೊರಳು ಬರಿದಾಗಿರುವುದನ್ನು ಕಂಡು, ಓದು ಸಾಕೆಂದು ಪುಸ್ತಕವನ್ನು ಮಡಿಸುವ ಮನಸ್ಸು ಅವರಿಗೆ ಬರಬಹುದು. ಆಗ ಅವರು ದೇವರಲ್ಲಿ ಬೇಡಬೇಕಾದುದು ಪವಾಡವನ್ನಲ್ಲ. ಲಕ್ಕಮ್ಮನಂತೆ ನಾಳೆಯ ಭಯವನ್ನು ಹೊರಗಿಡುವ ಧೈರ್ಯವನ್ನೂ, ಹಳಕಟ್ಟಿಯವರಂತೆ ಹಿಡಿದುದನ್ನು ಬಿಡದ ಹಟವನ್ನೂ ಬೇಡಬೇಕು. ಓದುವವನಿಗೆ ಓದೇ ಕಾಯಕ. ದುಃಖ ಬಂದ ದಿನವೂ ಆ ದಿನದ ಪಾಠವನ್ನು ಓದಿ ಮಲಗುವ ಹುಡುಗನು ತಾನರಿಯದೆಯೇ ಮಹೇಶಸ್ಥಲದ ಮೊದಲ ಮೆಟ್ಟಿಲನ್ನು ತುಳಿದಿರುತ್ತಾನೆ. ಸಂಕೋಚವನ್ನು ಬಿಟ್ಟು ತನ್ನ ಕಷ್ಟವನ್ನು ಗುರುಗಳೆದುರು ಹೇಳಿಕೊಳ್ಳುವುದೂ ಭಕ್ತಿಯೇ ಸರಿ. ಹೇಳದ ಹಸಿವನ್ನು ದಾಸೋಹದ ಮನೆಯೂ ಅರಿಯದು.

ಮುಂದೊಂದು ದಿನ ಅದೇ ಹುಡುಗನ ಕಣದಲ್ಲಿಯೂ ರಾಶಿಯಾಗುತ್ತದೆ, ಅವನ ಕೈಗೂ ಸಂಬಳ ಬರುತ್ತದೆ. ಅಂದು ಅವನ ನಂಬುಗೆಗೆ ಎರಡನೆಯ ಪರೀಕ್ಷೆ. ಬರಗಾಲದಲ್ಲಿ ಉಳಿಸಿಕೊಂಡ ದೇವರನ್ನು ಸುಗ್ಗಿಯಲ್ಲಿ ಕಳೆದುಕೊಂಡವರು ಬಹಳ ಮಂದಿ. ತನಗೆ ಅನ್ನವಿಟ್ಟ ಕೈಗಳನ್ನು ನೆನೆದು ಅವನು ಇನ್ನೊಂದು ಎಲೆಗೆ ಅನ್ನವನ್ನು ಬಡಿಸಿದರೆ, ಆ ಎಲೆಯ ಮುಂದೆ ಕುಳಿತ ಮಗುವಿಗೆ ದೇವರ ವಿಷಯದಲ್ಲಿ ಬೇರೆ ಉಪದೇಶ ಬೇಕಾಗುವುದಿಲ್ಲ. ಕೊಡುವ ಕೈಯೂ ದುಡಿಯುವ ಕೈಯೂ ನಾಡಿನಲ್ಲಿ ಬತ್ತದಿರಲಿ.