ಅನಾಥಪ್ರಜ್ಞೆ ಯಾರದ್ದು, ಗುಂಡು ಯಾರಿಗೆ?

ಯುರೋಪಿನ ಕಪ್ಪು ಹಾಸ್ಯದ ಸಿನೆಮಾ ಯಾವುದನ್ನೇ ನೋಡಿ ಎದ್ದರೂ ನಮ್ಮ ವಿಮರ್ಶಕರ ಬಾಯಲ್ಲಿ ಒಂದು ಮಾತು ತಯಾರಿರುತ್ತದೆ: ಆಧುನಿಕ ಮನುಷ್ಯನ ಅನಾಥಪ್ರಜ್ಞೆ. ನವ್ಯದ ಕಾಲದಲ್ಲಿ ಕೊಂಡ ಕೊಡೆ ಅದು. ಮಳೆಯಿರಲಿ ಬಿಸಿಲಿರಲಿ, ಬಿಡಿಸುವುದೇ. ನನ್ನ ತಕರಾರು ಇಷ್ಟೇ: ಮನುಷ್ಯ ಅಂದರೆ ಯಾರು ಮಾರಾಯ್ರೇ, ಗಂಡನೋ ಹೆಂಡತಿಯೋ?

ಮಾರ್ಕೊ ಫೆರೇರಿಯ ‘ಡಿಲಿಂಜರ್ ಈಸ್ ಡೆಡ್’ (1969) ನೋಡಿ. ವಿಷಗಾಳಿಯ ಮುಖವಾಡ ತಯಾರಿಸುವ ಒಬ್ಬ ರಾತ್ರಿ ಮನೆಗೆ ಬರುತ್ತಾನೆ. ಹೆಂಡತಿಗೆ ತಲೆನೋವು, ಮಲಗಿದ್ದಾಳೆ. ಊಟ ತಣ್ಣಗಾಗಿದೆ. ತಾನೇ ಅಡಿಗೆಗೆ ನಿಲ್ಲುತ್ತಾನೆ. ಹುಡುಕಾಟದಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟ ರಿವಾಲ್ವರ್ ಸಿಗುತ್ತದೆ. ಅದನ್ನು ಬಿಚ್ಚಿ, ಒರೆಸಿ, ಕೆಂಪು ಬಣ್ಣ ಬಳಿದು ಬಿಳಿ ಚುಕ್ಕೆ ಇಡುತ್ತಾನೆ. ನಡುವೆ ಕೆಲಸದವಳ ಕೋಣೆಗೂ ಹೋಗಿಬರುತ್ತಾನೆ. ಬೆಳಗಿನ ಜಾವ ಮಲಗಿದ ಹೆಂಡತಿಯ ತಲೆಗೆ ದಿಂಬು ಒತ್ತಿ ಗುಂಡು ಹಾರಿಸಿ, ತಾಹಿತಿಗೆ ಹೊರಟ ಹಡಗಿನಲ್ಲಿ ಅಡಿಗೆಯವನಾಗಿ ಸೇರುತ್ತಾನೆ. ಇದು ಕೈಗಾರಿಕಾ ಸಮಾಜದ ಒಂಟಿತನದ ರೂಪಕವಂತೆ! ಇರಲಿ. ಒಂಟಿತನ ಅವನದ್ದು, ಗುಂಡು ಮಾತ್ರ ಅವಳಿಗೆ. ಅವಳಿಗೂ ಒಂಟಿತನ ಇತ್ತಾ ಅಂತ ಕೇಳಿದವರುಂಟಾ? ಸಿನೆಮಾದಲ್ಲಿ ಅವಳಿಗೆ ಸಿಕ್ಕ ಕೆಲಸ ನಿದ್ದೆ ಮಾಡುವುದು. ಫೆರೇರಿಗೆ ಇದು ಗೊತ್ತಿತ್ತೆಂದೇ ನನ್ನ ನಂಬಿಕೆ. ಕೊನೆಗೆ ಅವನು ಪರದೆಯನ್ನೇ ಕೆಂಪಾಗಿಸುತ್ತಾನೆ. ವ್ಯಾಖ್ಯಾನ ಬರೆದವರಿಗೆ ಆ ಕೆಂಪು ಕಾಣಲಿಲ್ಲ.

ಪಿಯೆತ್ರೊ ಜೆರ್ಮಿಯ ‘ಡೈವೋರ್ಸ್ ಇಟಾಲಿಯನ್ ಸ್ಟೈಲ್’ (1961) ನನಗೆ ಇದಕ್ಕಿಂತ ದೊಡ್ಡ ಚಿತ್ರ. ಸಿಸಿಲಿಯ ಬಡಕಲು ಜಮೀನ್ದಾರ ಫೆಫೆಗೆ (ಮಾರ್ಚೆಲ್ಲೊ ಮಾಸ್ಟ್ರೊಯಾನಿ) ಹೆಂಡತಿ ರೊಸಾಲಿಯಾ ಬೇಡ, ಸಂಬಂಧಿಕರ ಹದಿಹರೆಯದ ಹುಡುಗಿ ಆಂಜೆಲಾ ಬೇಕು. ಇಟಲಿಯಲ್ಲಿ ಆಗ ವಿಚ್ಛೇದನ ಇರಲಿಲ್ಲ. ಇದ್ದದ್ದು ದಂಡಸಂಹಿತೆಯ 587ನೇ ಕಲಮು: ಹೆಂಡತಿಯ ಅಕ್ರಮ ಸಂಬಂಧ ಕಂಡು, ಸಿಟ್ಟಿನ ಭರದಲ್ಲಿ ಮಾನಕ್ಕಾಗಿ ಕೊಂದರೆ 3ರಿಂದ 7 ವರ್ಷ ಜೈಲು. ಫೆಫೆ ಲೆಕ್ಕ ಹಾಕುತ್ತಾನೆ. ಛಾವಣಿಯ ಚಿತ್ರ ದುರಸ್ತಿಯ ನೆಪದಲ್ಲಿ ಅವಳ ಹಳೆಯ ಪ್ರೇಮಿಯನ್ನು ತಾನೇ ಮನೆಗೆ ಕರೆಸುತ್ತಾನೆ, ಟೇಪ್ ರೆಕಾರ್ಡರ್ ಅಡಗಿಸಿಡುತ್ತಾನೆ, ಮುಂದೆ ಕೋರ್ಟಿನಲ್ಲಿ ವಕೀಲ ತನಗಾಗಿ ಮಾಡಲಿರುವ ಭಾಷಣವನ್ನು ಈಗಲೇ ಮನಸ್ಸಲ್ಲಿ ಕೇಳಿ ಆನಂದಿಸುತ್ತಾನೆ. ನಗು ತಡೆಯುವುದಿಲ್ಲ. ಆದರೆ ಇಲ್ಲಿ ಎಂತ ಶೂನ್ಯ, ಎಂತ ಅನಾಥಪ್ರಜ್ಞೆ? ಒಂದು ಕಾನೂನು ಉಂಟು, ಅದನ್ನು ಚೆನ್ನಾಗಿ ಓದಿಕೊಂಡ ಒಬ್ಬ ಗಂಡ ಇದ್ದಾನೆ. ಇಟಲಿಗೆ ವಿಚ್ಛೇದನ ಬಂದದ್ದು 1970ರಲ್ಲಿ. ಆ 587 ಹೋದದ್ದು 1981ರಲ್ಲಿ, ಜನ ಈ ಸಿನೆಮಾ ನೋಡಿ ನಕ್ಕು 20 ವರ್ಷ ಕಳೆದ ಮೇಲೆ.

‘ಅದು ಅವರ ಹುಚ್ಚು, ನಮ್ಮದಲ್ಲ’ ಅನ್ನುವವರೂ ಇದ್ದಾರೆ. ಅವರು ನಮ್ಮ 497ನೇ ಕಲಮನ್ನು ಒಮ್ಮೆ ಓದಬೇಕು. ಗಂಡನ ಒಪ್ಪಿಗೆಯಿದ್ದರೆ ವ್ಯಭಿಚಾರ ಅಪರಾಧವೇ ಅಲ್ಲ ಎನ್ನುತ್ತಿದ್ದ, ಹೆಂಡತಿಯನ್ನು ಗದ್ದೆಯ ಹಾಗೆ ಕಂಡ ಆ ಕಲಮನ್ನು ಸುಪ್ರೀಂ ಕೋರ್ಟು ತೆಗೆದುಹಾಕಿದ್ದು 2018ರಲ್ಲಿ!

ಜೆರ್ಮಿಯನ್ನೂ ಸುಮ್ಮನೆ ಬಿಡಲಾರೆ. ರೊಸಾಲಿಯಾಳಿಗೆ ಮೀಸೆ ಬಿಡಿಸಿ, ಕಿವಿ ಕೊರೆಯುವ ನಗು ಕೊಟ್ಟು, ನಾವು ಫೆಫೆಯ ಕಣ್ಣಿಂದಲೇ ಅವಳನ್ನು ನೋಡುವಂತೆ ಮಾಡಿದ. ಅವಳು ಮಾಡಿದ್ದೇನು? ಪ್ರೀತಿ ಉಂಟಾ ಅಂತ ಗಂಡನನ್ನು ಕೇಳಿದಳು.

ಕಾನೂನು ಬದಲಾದ ಮೇಲಿನ ಕಥೆಗೆ ಸ್ವೀಡನ್ನಿನ ರೂಬೆನ್ ಓಸ್ಟ್ಲುಂಡ್‌ನ ‘ಫೋರ್ಸ್ ಮಜೂರ್’ (2014) ಇದೆ. ಆಲ್ಪ್ಸ್ ಬೆಟ್ಟದ ಹೋಟೆಲಿನ ಅಂಗಳದಲ್ಲಿ ಸಂಸಾರ ಊಟಕ್ಕೆ ಕೂತಿದೆ. ಹಿಮದ ರಾಶಿ ಉರುಳಿ ಬರುವುದನ್ನು ಕಂಡ ಗಂಡ ತೋಮಸ್ ಫೋನು, ಕೈಗವಸು ಎತ್ತಿಕೊಂಡು ಓಟ ಕೀಳುತ್ತಾನೆ. ಎಬ್ಬಾ ಮಕ್ಕಳನ್ನು ತಬ್ಬಿ ಅಲ್ಲೇ ಉಳಿಯುತ್ತಾಳೆ. ಯಾರಿಗೂ ಏನೂ ಆಗುವುದಿಲ್ಲ. ಆಮೇಲೆ ಅವಳು ಬಯಸುವುದು ‘ಹೌದು, ನಾನು ಓಡಿದೆ’ ಎಂಬ ಒಂದು ಮಾತು. ಅವನ ಬಾಯಲ್ಲಿ ಅದು ಬರುವುದಿಲ್ಲ. ಓಡಿದ್ದು ಫೋನಿನ ವಿಡಿಯೊದಲ್ಲೇ ಇದೆ. ಕೊನೆಗೆ ಗೋಳೋ ಅಂತ ಅಳುತ್ತಾ ನೆಲಕ್ಕೆ ಬೀಳುತ್ತಾನೆ. ಮಕ್ಕಳು ಬಂದು ಅಪ್ಪನನ್ನು ತಬ್ಬಿಕೊಳ್ಳುತ್ತಾರೆ. ನೀನೂ ಬಾ ಅಂತ ಅಮ್ಮನನ್ನು ಕರೆಯುತ್ತಾರೆ.