‘ನೀವು ಕುಳಿತಿರಿ ಸಾರ್’ ಎನ್ನುವವರಿಗೆ

ಹೋದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬನ ಮಗಳ ಮದುವೆಗೆ ಹೋಗಿದ್ದೆ. ಛತ್ರದ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಮೂವರು ಓಡಿಬಂದು ನನ್ನ ತೋಳು ಹಿಡಿದು, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿ, ‘ನೀವು ಏಳಬೇಡಿ ಸಾರ್, ಎಲ್ಲ ಇಲ್ಲಿಗೇ ತರುತ್ತೇವೆ’ ಎಂದರು. ಆ ಪ್ರೀತಿಗೆ ನಾನು ಋಣಿ. ಆದರೆ ಇಂದು ಬರೆಯಲು ಕುಳಿತಿರುವುದು ಅದೇ ಪ್ರೀತಿಯ ವಿರುದ್ಧ. ಮುದುಕರನ್ನು ಕುರ್ಚಿಗೆ ಕಟ್ಟಿಹಾಕುವ ಈ ಉಪಚಾರ ಸೇವೆಯಲ್ಲ, ನಿಧಾನವಾದ ಅಪಕಾರ.

ವಯಸ್ಸಿನೊಂದಿಗೆ ಸ್ನಾಯು ಕರಗುವುದಕ್ಕೆ ಸಾರ್ಕೊಪೀನಿಯಾ ಎಂಬ ಹೆಸರಿದೆ. ಗ್ರೀಕ್ ಮೂಲದ ಈ ಪದಕ್ಕೆ ಮಾಂಸದ ಬಡತನವೆಂದು ಅರ್ಥ. ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ ಅವರು ಇದನ್ನು ಚಲಾವಣೆಗೆ ತಂದದ್ದು 1989ರಲ್ಲಿ. ಅದಕ್ಕೆ ಮೊದಲು ಎಲ್ಲರೂ ‘ವಯಸ್ಸಾಯಿತು’ ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿಸುತ್ತಿದ್ದರು. ನಮ್ಮಲ್ಲಿ ಈಗಲೂ ಹಾಗೆಯೇ ಮುಗಿಸುತ್ತೇವೆ. 2023ರ ಮಳೆಗಾಲದಲ್ಲಿ ಡೆಂಗಿ ಜ್ವರದಿಂದ 12 ದಿನ ಮಲಗಿ ಎದ್ದಾಗ ನನ್ನ ತೊಡೆಯ ಸುತ್ತ ಪಂಚೆ ಸಡಿಲವಾಗಿತ್ತು. ಜ್ವರ ಬಿಟ್ಟಿತು, ಕಾಲಿನ ಬಲ ಮರಳಲಿಲ್ಲ. ಇದು ಕೇವಲ ಜ್ವರದ ಕೆಲಸವೆಂದುಕೊಂಡಿದ್ದೆ. ಆದರೆ 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರೋಗ್ಯವಂತ ವೃದ್ಧರನ್ನು ಹತ್ತೇ ದಿನ ಹಾಸಿಗೆಯಲ್ಲಿರಿಸಿದಾಗ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯು ಹೋಗಿತ್ತು. ಕಾಯಿಲೆಯೇ ಇಲ್ಲದವರ ಗತಿ ಇದು! ‘ವಿಶ್ರಾಂತಿ ತೆಗೆದುಕೊಳ್ಳಿ’ ಎನ್ನುವ ಬಂಧುಗಳು ಇದನ್ನು ಎರಡು ಸಲ ಓದಬೇಕು.

ಹಾಗೆಂದು ಹೋದದ್ದು ಹೋಯಿತೆಂದು ಕೈಚೆಲ್ಲಬೇಕಿಲ್ಲ. ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು 1990ರಲ್ಲಿ, ತೊಂಬತ್ತರ ಆಸುಪಾಸಿನ ಹತ್ತು ಮಂದಿ ದುರ್ಬಲ ವೃದ್ಧರಿಗೆ ಎಂಟು ವಾರ ಭಾರ ಎತ್ತುವ ತರಬೇತಿ ಕೊಟ್ಟರು. ತರಬೇತಿ ಪೂರೈಸಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು.

‘ಸಾರ್, ದಿನಾ ವಾಕಿಂಗ್ ಮಾಡುತ್ತೀರಲ್ಲ, ಸಾಕು’ ಎನ್ನುತ್ತೀರಿ. ಸಾಲದು. ನಡಿಗೆ ಹೃದಯಕ್ಕೆ ಒಳ್ಳೆಯದು; ಸ್ನಾಯು ಬೆಳೆಯಬೇಕಾದರೆ ಅದಕ್ಕೆ ಎದುರಾಳಿ ಬೇಕು. ಆದರೆ ಮಂಡಿ ಸವೆದವರು ಭಾರ ಹೊತ್ತು ಕುಳಿತೇಳುವುದು ಹೇಗೆ? ನನ್ನ ಮನೆಯಾಕೆಯ ಕಷ್ಟ ಅದೇ. ಉತ್ತರ ನೀರಿನಲ್ಲಿದೆ, ಮತ್ತು ಆ ಉತ್ತರವನ್ನು ನೀವೆಲ್ಲ ನನ್ನ ಮುಂದೆಯೇ ಬಾಯಿಪಾಠ ಒಪ್ಪಿಸಿದ್ದೀರಿ. ಆರ್ಕಿಮಿಡೀಸನ ತತ್ತ್ವ ನೆನಪಿದೆಯೇ? (ಹಿಂದಿನ ಬೆಂಚಿನವರಿಗೆ ವಿನಾಯಿತಿ.) ಸೊಂಟದವರೆಗೆ ನೀರಿನಲ್ಲಿ ನಿಂತರೆ ಕಾಲು ಹೊರುವ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಎದೆಯವರೆಗಾದರೆ ಸುಮಾರು ಮೂರನೇ ಒಂದಕ್ಕೆ. ಮಂಡಿಗೆ ಬಿಡುವು ಸಿಕ್ಕಿತು. ಇನ್ನು ಎದುರಾಳಿ? ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದರಲ್ಲಿ ಕಾಲು ಬೀಸುವ ವೇಗವನ್ನು ಎರಡು ಪಟ್ಟು ಮಾಡಿದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಎಷ್ಟು ಭಾರ ಬೇಕೆಂಬುದನ್ನು ವ್ಯಾಯಾಮ ಮಾಡುವವರೇ ತಮ್ಮ ವೇಗದಿಂದ ನಿರ್ಧರಿಸುತ್ತಾರೆ, ನೋವಾದರೆ ನಿಧಾನಿಸಿದರಾಯಿತು. ಮುಗ್ಗರಿಸಿದರೂ ನೆಲಕ್ಕೆ ಬಿದ್ದಂತೆ ಪೆಟ್ಟಾಗುವುದಿಲ್ಲ. ಈಜು ಬರಬೇಕೆಂಬ ನಿಯಮವೂ ಇಲ್ಲ. ಕಂಬಿ ಹಿಡಿದು ನಿಲ್ಲುವುದು, ನಡೆಯುವುದು, ಕಾಲು ಬೀಸುವುದು, ಅಷ್ಟೇ.

ಹೋದ ವರ್ಷ ಮಗಳ ಮನೆಯಲ್ಲಿ ಎರಡು ತಿಂಗಳಿದ್ದೆವು. ಅವರ ಅಪಾರ್ಟ್‌ಮೆಂಟಿನಲ್ಲಿ ಈಜುಕೊಳವಿದೆ. ಉಡುಪಿನ ವಿಷಯಕ್ಕೆ ಮನೆಯಲ್ಲಿ ಒಂದು ವಾರ ಚರ್ಚೆ ನಡೆದು, ಕೊನೆಗೆ ಪೂರ್ಣ ತೋಳಿನ ಈಜುಡುಪೊಂದು ಸಿಕ್ಕಿತು. ಫಿಸಿಯೋಥೆರಪಿಸ್ಟ್ ತೋರಿಸಿಕೊಟ್ಟಂತೆ ವಾರಕ್ಕೆ ಮೂರು ದಿನ, ಅರ್ಧ ಗಂಟೆ. ಎರಡನೆಯ ತಿಂಗಳ ಕೊನೆಯಲ್ಲಿ ಮನೆಯಾಕೆ ದೇವರ ಮನೆಯ ಮಣೆಯಿಂದ ಗೋಡೆ ಹಿಡಿಯದೆ ಎದ್ದಳು. ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ; ಮಗಳು ಹೇಳಿದಳು.

ಊರಿಗೆ ಮರಳಿ ಇಲ್ಲಿನ ಸಾರ್ವಜನಿಕ ಈಜುಕೊಳಕ್ಕೆ ಹೋದೆವು. ‘ಈಜು ಬಾರದವರನ್ನು ಬಿಡುವುದಿಲ್ಲ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಸಾರ್? ಏನಾದರೂ ಆದರೆ ನಮ್ಮ ತಲೆಗೆ ಬರುತ್ತದೆ’ ಎಂದರು. ಇಳಿಯಲು ನೆಟ್ಟಗೆ ನಿಂತ ಉಕ್ಕಿನ ಏಣಿಯೊಂದೇ. ಅಗಲವಾದ ಮೆಟ್ಟಿಲಿಲ್ಲ, ಹಿಡಿಯಲು ಕಂಬಿಯಿಲ್ಲ. ಮಧ್ಯಾಹ್ನವಿಡೀ ಖಾಲಿ ಬಿದ್ದಿರುವ ಕೊಳದಲ್ಲಿ ವೃದ್ಧರಿಗೆ ಒಂದು ಗಂಟೆ ಬಿಡುವುದಿಲ್ಲವೆಂಬುದು ಎಲ್ಲಿಯ ನ್ಯಾಯ? ನಮ್ಮ ತೆರಿಗೆಯಿಂದ ಕಟ್ಟಿದ ಕೊಳ ಪದಕ ಗೆಲ್ಲುವ ಮಕ್ಕಳಿಗೆ ಮಾತ್ರವೇ?

ನೀರು ಸರ್ವರೋಗಕ್ಕೆ ಮದ್ದೆಂದು ನಾನು ಹೇಳುತ್ತಿಲ್ಲ. ಮೂಳೆಗೆ ನೆಲದ ಮೇಲಿನ ಭಾರವೂ ಬೇಕು. ಸ್ನಾಯುವಿನ ಮಟ್ಟಿಗೂ ನೆಲದ ಮೇಲೆ ಭಾರ ಎತ್ತುವುದಕ್ಕೇ ಹೆಚ್ಚು ಪುರಾವೆಯಿದೆ. ಎದೆಮಟ್ಟದ ನೀರು ರಕ್ತವನ್ನು ಎದೆಯ ಕಡೆಗೆ ಒತ್ತುವುದರಿಂದ ಹೃದಯ ದುರ್ಬಲವಾಗಿರುವವರು ವೈದ್ಯರನ್ನು ಕೇಳದೆ ಇಳಿಯಕೂಡದು. ಊಟದ ವಿಷಯವೂ ಇದೆ: ‘ವಯಸ್ಸಾದವರಿಗೆ ಹಗುರವಾಗಿರಲಿ’ ಎಂದು ರಾತ್ರಿ ಬರೀ ಗಂಜಿ ಕೊಡುವ ಸೊಸೆಯಂದಿರು ಅದಕ್ಕೆ ಒಂದು ಬಟ್ಟಲು ಬೇಳೆಯನ್ನೋ ಮೊಸರನ್ನೋ ಸೇರಿಸಲಿ. ಮೂತ್ರಪಿಂಡದ ತೊಂದರೆಯಿದ್ದವರ ಮಾತು ಬೇರೆ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ 65 ದಾಟಿದವರು ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕೆಂದಿದೆ. ಆ ಸಾಲನ್ನು ಉದ್ಧರಿಸಿ ಅರ್ಜಿಯೊಂದನ್ನು ಬರೆದಿದ್ದೇನೆ. ಕೇಳಿರುವುದು ಮೂರೇ: ಮಧ್ಯಾಹ್ನ ಒಂದು ಗಂಟೆ, ಕಂಬಿಯಿರುವ ಮೆಟ್ಟಿಲು, ವಾರದಲ್ಲಿ ಎರಡು ದಿನ ಹೆಂಗಸರಿಗೆ ಪ್ರತ್ಯೇಕ ಸಮಯ. ಊರಿನಲ್ಲಿರುವ ಹಳೆಯ ವಿದ್ಯಾರ್ಥಿಗಳು ಭಾನುವಾರ ಸಂಜೆ ಮನೆಗೆ ಬಂದು ಸಹಿ ಹಾಕಿ. ಕಾಫಿಯನ್ನು ನಾನೇ ತಂದುಕೊಡುತ್ತೇನೆ. ಲೋಟ ಕಸಿದುಕೊಂಡು ನನ್ನನ್ನು ಕೂರಿಸಲು ಬರಬೇಡಿ.