ಬಿಎಂಎಸ್ ಕಿತ್ತು ಹಾಕುವ ಮೊದಲು...

ಪುಣೆಗೆ ಬಂದು ಇಪ್ಪತ್ತೇಳು ವರ್ಷವಾಯಿತು. ಮೊದಲ ಮಳೆ ಬಿದ್ದ ಕೂಡಲೇ ಕರೆಂಟು ಹೋಗುವ ಸಂಪ್ರದಾಯ ಮಾತ್ರ ಬದಲಾಗಿಲ್ಲ. ಬದಲಾಗಿರುವುದು ಇನ್ವರ್ಟರಿನ ಪಕ್ಕದ ಡಬ್ಬಿ. ಆಗಾಗ ಡಿಸ್ಟಿಲ್ಡ್ ವಾಟರ್ ಕೇಳುತ್ತಿದ್ದ ಟ್ಯೂಬುಲರ್ ಬ್ಯಾಟರಿಯ ಜಾಗದಲ್ಲಿ ಈಗ ಕೆಲವರು ತಾವೇ ಕಟ್ಟಿದ ಲಿಥಿಯಂ ಪ್ಯಾಕ್ ಇಟ್ಟುಕೊಂಡಿದ್ದಾರೆ. ಸಂತೋಷ. ಕೈಯಾರೆ ಮಾಡುವವರ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರು ಕಟ್ಟುವುದರ ಬಗ್ಗೆ ಅಲ್ಲ, ಕೆಟ್ಟಾಗ ಏನು ಮಾಡುತ್ತಾರೆ ಅನ್ನುವುದರ ಬಗ್ಗೆ.

ಸಾಮಾನ್ಯವಾಗಿ ಕಥೆ ಹೀಗೆ. ಎರಡು ತಿಂಗಳು ಚೆನ್ನಾಗಿ ನಡೆದ ಪ್ಯಾಕು ಒಂದು ದಿನ ಚಾರ್ಜ್ ಆಗುತ್ತಿದ್ದಂತೆಯೇ ಪಟ್ಟನೆ ಟ್ರಿಪ್ ಆಗುತ್ತದೆ. ಪ್ಯಾಕನ್ನು ಕಾಯುವ ಸರ್ಕ್ಯೂಟು, ಅಂದರೆ ಬಿಎಂಎಸ್, ಬಾಗಿಲು ಹಾಕಿರುತ್ತದೆ. ಗೆಳೆಯನೊಬ್ಬ ಬಂದು ನೋಡಿ, "ಬಿಎಂಎಸ್ ಚೀಪು, ಬೈಪಾಸ್ ಮಾಡ್ಬಿಡು" ಅನ್ನುತ್ತಾನೆ. ಇಲ್ಲಿಯವರು ಇದನ್ನೇ ಹೆಮ್ಮೆಯಿಂದ ಜುಗಾಡ್ ಅನ್ನುತ್ತಾರೆ. ನಾನು ಇದನ್ನು ರಾತ್ರಿ ಬೊಗಳಿತೆಂದು ನಾಯಿಯ ಬಾಯಿ ಕಟ್ಟುವುದು ಅನ್ನುತ್ತೇನೆ. ಯಾಕೆ ಬೊಗಳಿತು ಅಂತ ಎದ್ದು ನೋಡಬೇಕಲ್ಲವೇ?

ಹೆಚ್ಚಿನವರು ಬಳಸುವುದು ಲಿಥಿಯಂ ಐರನ್ ಫಾಸ್ಫೇಟ್ ಸೆಲ್. ಒಂದೊಂದು 3.2 ವೋಲ್ಟ್, ನಾಲ್ಕು ಸಾಲಾಗಿ ಜೋಡಿಸಿದರೆ 12.8. ತುಂಬಿದ ಸೆಲ್ಲಿನ ಮಿತಿ 3.65 ವೋಲ್ಟ್. ಸಾಲಿನಲ್ಲಿರುವ ಸೆಲ್ಲುಗಳು ಪಂಕ್ತಿಯಲ್ಲಿ ಊಟಕ್ಕೆ ಕುಳಿತವರಿದ್ದಂತೆ, ಎಲ್ಲರಿಗೂ ಒಂದೇ ಸೌಟು. ಒಬ್ಬರ ಹೊಟ್ಟೆ ಮೊದಲು ತುಂಬಿದರೂ ಬಡಿಸುವವರು ನಿಲ್ಲುವುದಿಲ್ಲ. ಇನ್ವರ್ಟರ್ ನೋಡುವುದು ಒಟ್ಟು 14.4 ವೋಲ್ಟ್ ಮಾತ್ರ. ಅದರೊಳಗೆ ಮೂರು ಸೆಲ್ 3.55ರಲ್ಲಿ, ಒಂದು 3.75ರಲ್ಲಿ ಇರಬಹುದು. ಲೆಕ್ಕ ಸರಿಯಾಗಿಯೇ ಇದೆ, ನಾಲ್ಕನೆಯದು ಮಾತ್ರ ಸಾಯುತ್ತಿದೆ. ಇದು ಗೊತ್ತಾಗುವುದು ಬಿಎಂಎಸ್‌ಗೆ ಒಬ್ಬನಿಗೇ.

ಹಾಗಾಗಿ ಟ್ರಿಪ್ ಆದರೆ ಮೊದಲು ಅದನ್ನು ನಂಬಿ, ಮಲ್ಟಿಮೀಟರ್ ಹಿಡಿಯಿರಿ. ಉಂಗುರ, ಬಳೆ, ಕಡಗ ಬಿಚ್ಚಿಡಿ, ಸ್ಪ್ಯಾನರಿಗೆ ಇನ್ಸುಲೇಶನ್ ಟೇಪ್ ಸುತ್ತಿ. ವೋಲ್ಟೇಜ್ ಕಡಿಮೆ, ಶಾಕ್ ಹೊಡೆಯುವುದಿಲ್ಲ ನಿಜ. ಆದರೆ ಶಾರ್ಟ್ ಆದರೆ ಹರಿಯುವುದು ಸಾವಿರಾರು ಆಂಪಿಯರ್.

ಸೆಲ್ಲುಗಳನ್ನು ಸುಮ್ಮನಿದ್ದಾಗ ಅಳೆದರೆ ಎಲ್ಲವೂ 3.3ರ ಆಸುಪಾಸು ತೋರಿಸಿ ನಗುತ್ತವೆ. ಈ ಜಾತಿಯ ಸೆಲ್ಲಿನ ಗುಟ್ಟು ಹೊರಬರುವುದು ಪೂರ್ತಿ ತುಂಬುವಾಗ, ಇಲ್ಲವೇ ಖಾಲಿಯಾಗುವಾಗ. ಆ ಹೊತ್ತಿನಲ್ಲಿ ಒಂದೊಂದನ್ನೂ ಅಳೆಯಿರಿ. ಕರೆಂಟ್ ಹರಿದ ಕೂಡಲೇ ಒಂದು ಸೆಲ್ ನೆಗೆದು, ನಿಲ್ಲಿಸಿದ ಕೂಡಲೇ ಸರಿಹೋದರೆ, ಸೆಲ್ಲನ್ನು ಬೈಯುವ ಮೊದಲು ನಟ್ಟನ್ನು ನೋಡಿ. 600 ವ್ಯಾಟ್ ಲೋಡಿಗೆ ಸುಮಾರು 50 ಆಂಪಿಯರ್ ಹರಿಯುತ್ತದೆ. ಬಸ್‌ಬಾರಿನ ಕೆಳಗೆ ಒಂದೇ ಒಂದು ಮಿಲಿ ಓಮ್ ಹೆಚ್ಚಿದ್ದರೂ 50 ಮಿಲಿವೋಲ್ಟ್ ಅಲ್ಲೇ ಹೋಯಿತು, ಎರಡೂವರೆ ವ್ಯಾಟ್ ಶಾಖ ಆ ಒಂದು ಸ್ಕ್ರೂ ತಲೆಯ ಮೇಲೆ ಕೂತಿತು. ಲೋಡ್ ಇರುವಾಗ ಮೀಟರಿನ ಒಂದು ಮೊನೆ ಸೆಲ್ಲಿನ ಕಂಬಕ್ಕೆ, ಇನ್ನೊಂದು ಬಸ್‌ಬಾರಿಗೆ ಮುಟ್ಟಿಸಿದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಜೋಡಣೆ ಸರಿಯಿದ್ದೂ ಒಂದೇ ಸೆಲ್ ಮೊದಲು ತುಂಬಿದರೆ ಅದು ಅಸಮತೋಲನ. "ಬಿಎಂಎಸ್ ತಾನೇ ಸರಿಮಾಡುತ್ತದೆ" ಅಂತ ಕಾಯುವವರು ಲೆಕ್ಕ ಹಾಕಿ: ವ್ಯತ್ಯಾಸ 10 ಆಂಪಿಯರ್ ಅವರ್, ಬ್ಯಾಲೆನ್ಸಿಂಗ್ ಕರೆಂಟ್ 100 ಮಿಲಿ ಆಂಪಿಯರ್ ಆದರೆ ನೂರು ಗಂಟೆ ಬೇಕು. ಪ್ಯಾಕ್ ಬಿಚ್ಚಿ, ಸೆಲ್ಲುಗಳನ್ನು ಪ್ಯಾರಲೆಲ್ ಮಾಡಿ, 3.65ಕ್ಕೆ ಮೊದಲೇ ಹೊಂದಿಸಿದ ಪವರ್ ಸಪ್ಲೈಯಲ್ಲಿ, ಪಕ್ಕದಲ್ಲೇ ಕೂತು ತುಂಬಿಸುವುದೇ ನೇರ ದಾರಿ. ಇನ್ವರ್ಟರ್ ಇನ್ನೂ ಟ್ಯೂಬುಲರ್ ಸೆಟ್ಟಿಂಗಿನಲ್ಲಿದ್ದರೆ ಅದನ್ನೂ ಬದಲಿಸಿ. ಈ ಪ್ಯಾಕಿಗೆ 14.2 ವೋಲ್ಟ್ ಧಾರಾಳವಾಯಿತು.

ಇಷ್ಟೆಲ್ಲ ಮಾಡಿದರೂ ಸುಮ್ಮನಿಟ್ಟಾಗಲೇ ವಾರದಿಂದ ವಾರಕ್ಕೆ ಹಿಂದೆ ಬೀಳುವ ಸೆಲ್, ಊದಿಕೊಂಡ ಸೆಲ್, ತಿಂಗಳುಗಟ್ಟಲೆ ಎರಡು ವೋಲ್ಟಿಗಿಂತ ಕೆಳಗೆ ಬಿದ್ದಿದ್ದ ಸೆಲ್: ಇವಕ್ಕೆ ಜೀವ ಕೊಡುವ ಸಾಹಸ ಬೇಡ. ಕಸದ ಬುಟ್ಟಿಗೂ ಬೇಡ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಬೇರೆ ಕಸದಿಂದ ಪ್ರತ್ಯೇಕವಾಗಿಯೇ ಕೊಡಬೇಕು. ಹಳೇ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲುಗಳನ್ನಂತೂ ಇದರ ಜೊತೆ ಬೆರೆಸಲೇಬೇಡಿ. ಅವು ಸಾಮಾನ್ಯವಾಗಿ 4.2 ವೋಲ್ಟಿನ ಬೇರೆ ಜಾತಿ, ಸ್ವಭಾವದಲ್ಲೂ ಹೆಚ್ಚು ಮುಂಗೋಪಿ.

"ಐರನ್ ಫಾಸ್ಫೇಟ್ ಸುರಕ್ಷಿತ ಅಲ್ವಾ ಸಾರ್?" ಅಂತ ಕೇಳುತ್ತೀರಿ. ಉಳಿದವುಗಳಿಗಿಂತ ಹೌದು. ಆದರೆ ಅತಿ ಚಾರ್ಜಾಗಿ ಬಿಸಿಯೇರಿದರೆ ಅದರಿಂದ ಹೊರಬರುವ ಅನಿಲವೂ ಉರಿಯುವಂಥದ್ದೇ. ಮುಂಬೈ, ಪುಣೆ, ಚೆನ್ನೈ ಎಲ್ಲೇ ಇರಲಿ, ನಮ್ಮಲ್ಲಿ ಹೆಚ್ಚಿನವರದು ಫ್ಲ್ಯಾಟಿನ ಬದುಕು. ಊರಿನ ಹಿತ್ತಲಲ್ಲಿ ಮಾಡಿದ ಪ್ರಯೋಗ ಕೆಟ್ಟರೆ ನಮ್ಮ ಕೊಟ್ಟಿಗೆ ಹೋದೀತು. ಇಲ್ಲಿ ನನ್ನ ಗೋಡೆಯ ಆಚೆ ಪಕ್ಕದ ಮನೆಯ ಅಜ್ಜಿ ಮಲಗಿರುತ್ತಾರೆ, ಮೇಲಿನ ಮಹಡಿಯ ಮಕ್ಕಳಿಗೆ ಇಳಿಯಲು ಇರುವುದು ಒಂದೇ ಮೆಟ್ಟಿಲು. ಆ ಮೆಟ್ಟಿಲ ಕೆಳಗೆ ಪ್ಯಾಕ್ ಇಡಬೇಡಿ, ಪಾಸಿಟಿವ್ ತಂತಿಗೆ ಸರಿಯಾದ ಡಿ.ಸಿ. ಫ್ಯೂಸ್ ಇಲ್ಲದೆ ನಡೆಸಬೇಡಿ.

ಮನೆಯಲ್ಲೇ ಪ್ಯಾಕ್ ಕಟ್ಟಬಾರದು ಅನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಕಟ್ಟಿ. ಆದರೆ ಒಂದೊಂದು ಸೆಲ್ಲನ್ನೂ ಅಳೆಯುವ ತಾಳ್ಮೆ ಇಲ್ಲದಿದ್ದರೆ ಅಂಗಡಿಯದೇ ವಾಸಿ. ಬಿಎಂಎಸ್ ಬೈಪಾಸ್ ಮಾಡಿ "ಈಗ ಓಡ್ತಾ ಇದೆ ನೋಡಿ" ಅನ್ನುವವರಿಗೆ ನನ್ನದೊಂದೇ ಮಾತು: ಓಡ್ತಾ ಇರೋದು ಪ್ಯಾಕ್ ಸ್ವಾಮಿ, ತೊಂದರೆ ಎಲ್ಲಿತ್ತೋ ಅಲ್ಲೇ ಕೂತಿದೆ.